ಹಿಮ್ಮಡಿ ನೋವು ಮತ್ತು ಎರಡನೇ ಸೆಮಿಸ್ಟರು

ಹಿಮ್ಮಡಿ ನೋವಿಗೆ ಒಂದು ವಿಚಿತ್ರ ಗುಣವಿದೆ. ನಡೆಯುತ್ತಿರುವವರನ್ನು ಅದು ಅಷ್ಟಾಗಿ ಕಾಡುವುದಿಲ್ಲ, ಕೂತು ಎದ್ದವರನ್ನು ಹಿಡಿಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೂರುವ ಮೊದಲ ಹೆಜ್ಜೆ, ಬಸ್ಸಿನ ಸೀಟು ಬಿಟ್ಟೆದ್ದ ಮೊದಲ ಹೆಜ್ಜೆ, ಒಂದು ಗಂಟೆ ಪಾಠ ಕೇಳಿ ಬೆಂಚಿನಿಂದ ಹೊರಬಂದ ಮೊದಲ ಹೆಜ್ಜೆ, ಅದರ ಉಪಟಳವೆಲ್ಲ ಇಂಥ ಮೊದಲ ಹೆಜ್ಜೆಗಳಲ್ಲೇ. ಹತ್ತಿಪ್ಪತ್ತು ಹೆಜ್ಜೆ ಹಾಕಿದರೆ ತಾನಾಗಿ ಸಡಿಲುತ್ತದೆ. ಆದರೆ ವಿದ್ಯಾರ್ಥಿಯ ದಿನವೆಂದರೆ ಕೂರುವುದು, ಏಳುವುದು, ಇನ್ನೊಂದು ಕೊಠಡಿಗೆ ಹೋಗಿ ಮತ್ತೆ ಕೂರುವುದು. ಈ ನೋವಿರುವವರು ಕಾಲೇಜಿಗೆ ಹೋದರೆ ಬೆಳಗಿನ ಆ ಮೊದಲ ಹೆಜ್ಜೆಯನ್ನು ದಿನಕ್ಕೆ ನಾಲ್ಕೈದು ಸಲ ಇಡಬೇಕಾಗುತ್ತದೆ.

ನನಗೀಗ 48 ವರ್ಷ. ಸಹಕಾರಿ ಬ್ಯಾಂಕೊಂದರ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ನನ್ನ ಪಕ್ಕ ಕೂರುವವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು. ಮೊದಲ ಸೆಮಿಸ್ಟರಿನಲ್ಲಿ ಅವರು ನನ್ನನ್ನು ‘ಮೇಡಂ’ ಎನ್ನುತ್ತಿದ್ದರು, ಈಗ ‘ಅಕ್ಕ’ ಎನ್ನುತ್ತಾರೆ. ಓಟ ನನ್ನ ಬದುಕಿಗೆ ಬಂದದ್ದು ಓದಿಗಿಂತ ಮೊದಲು, ನಲವತ್ತು ದಾಟಿದ ಮೇಲೆ. ಕುಕ್ಕರಹಳ್ಳಿ ಕೆರೆಯ ಸುತ್ತ ನಸುಕಿನಲ್ಲಿ ಮೊದಮೊದಲು ನಡೆದು, ಆಮೇಲೆ ನಡಿಗೆಯ ನಡುವೆ ಒಂದಿಷ್ಟು ಓಡಿ, ಕಡೆಗೆ ಸುತ್ತನ್ನೆಲ್ಲ ಓಡಿಯೇ ಮುಗಿಸುವಂತಾದೆ. ಮೈಸೂರಿನವರಿಗೆ ಆ ದಾರಿಯನ್ನು ಬಣ್ಣಿಸಬೇಕಿಲ್ಲ. ಕುವೆಂಪು ದಿನವೂ ತಿರುಗಾಡಿದ ದಾರಿ ಅದು. ನಗರದ ಮಧ್ಯದಲ್ಲೇ ಇದ್ದರೂ ಬೆಳಗಿನ ಹೊತ್ತು ಅಲ್ಲಿ ನೀರುಕಾಗೆ, ಹೆಜ್ಜಾರ್ಲೆಗಳ ಸದ್ದೇ ವಾಹನದ ಸದ್ದಿಗಿಂತ ಜೋರು.

ಎರಡನೇ ಸೆಮಿಸ್ಟರು ಶುರುವಾಗುವ ಹೊತ್ತಿಗೆ ಬಲಗಾಲಿನ ಹಿಮ್ಮಡಿ ಹಿಡಿಯಿತು. ವೈದ್ಯರು ಒತ್ತಿ ನೋಡಿ ಪ್ಲಾಂಟರ್ ಫೇಶಿಯೈಟಿಸ್ ಎಂದರು. ಓಡುವವರಿಗೆ ಇದು ಸಾಮಾನ್ಯ. ನಲವತ್ತರಿಂದ ಅರವತ್ತರೊಳಗಿನವರಿಗೆ, ದಿನವಿಡೀ ನಿಂತು ದುಡಿಯುವವರಿಗೆ ಓಡದಿದ್ದರೂ ಸಾಮಾನ್ಯ. ಗಾರ್ಮೆಂಟ್ ಕಾರ್ಖಾನೆಯಲ್ಲಿ ನಿಂತು ಇಸ್ತ್ರಿ ಹಾಕುವವರು, ಶಾಲೆಯ ಶಿಕ್ಷಕಿಯರು, ನರ್ಸುಗಳು, ಹೋಟೆಲಿನ ಸಪ್ಲೈಯರುಗಳು ಇದನ್ನು ಬಲ್ಲರು. ನಮ್ಮಲ್ಲಿ ಇದಕ್ಕೆ ‘ಹಿಮ್ಮಡಿ ಶೂಲೆ’ ಎನ್ನುವವರೂ ಉಂಟು.

ಅಂಗಾಲಿನಲ್ಲಿ ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಹಬ್ಬಿದ ದಪ್ಪನೆಯ ನಾರಿನ ಪಟ್ಟಿಯೊಂದಿದೆ. ಪಾದದ ಕಮಾನಿಗೆ ಅದು ಬಿಲ್ಲಿಗೆ ಕಟ್ಟಿದ ಹೆದೆಯಂತೆ. ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿದಾಗ ಈ ಪಟ್ಟಿ ಬಿಗಿದು ಕಮಾನು ಎದ್ದುನಿಲ್ಲುತ್ತದೆ, ಪಾದವೆಲ್ಲ ಗಟ್ಟಿಯಾಗುತ್ತದೆ. ನೆಲವನ್ನು ಒದ್ದು ಮುಂದೆ ಸಾಗಲು ಬೇಕಾದ ಗಟ್ಟಿತನ ಬರುವುದು ಅಲ್ಲಿಂದಲೇ. ಬ್ರಿಟನ್ನಿನ ಜೆ.ಎಚ್. ಹಿಕ್ಸ್ 1954ರಲ್ಲಿ ಇದನ್ನು ವಿವರಿಸಿದರು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಒಂದು ಕಿಲೋಮೀಟರಿಗೆ ಸಾವಿರ ಹೆಜ್ಜೆ ಎಂದು ಹಿಡಿದರೂ ಐದು ಕಿಲೋಮೀಟರಿನಲ್ಲಿ ಒಂದೊಂದು ಪಾದ ಎರಡೂವರೆ ಸಾವಿರ ಸಲ ಆ ಭಾರವನ್ನು ಹೊತ್ತು ಇಳಿಸಿರುತ್ತದೆ. ಇಷ್ಟನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುವ ಅಂಗವೊಂದು ಒಂದು ದಿನ ತಕರಾರು ತೆಗೆದರೆ ಅದರ ಮೇಲೆ ಸಿಟ್ಟು ಬರುವುದಿಲ್ಲ, ಗೌರವ ಬರುತ್ತದೆ.

ಇದನ್ನು ಬಹುಕಾಲ ಉರಿಯೂತ ಎಂದೇ ತಿಳಿದಿದ್ದರು. 2003ರಲ್ಲಿ ಅಮೆರಿಕದ ಪಾದತಜ್ಞ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಾದ 50 ಪ್ರಕರಣಗಳ ಅಂಗಾಂಶವನ್ನು ಪರೀಕ್ಷಿಸಿದಾಗ ಉರಿಯೂತದ ಗುರುತು ಸಿಗಲಿಲ್ಲ. ನಾರುಗಳು ಸವೆದು, ಕ್ರಮ ತಪ್ಪಿ ಹೆಣೆದುಕೊಂಡಿದ್ದವು. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳೂ ಅಷ್ಟೇ. ಅದನ್ನು ತೋರಿಸಿ ‘ನೋಡಿ, ಇದೇ ಚುಚ್ಚುತ್ತಿರುವುದು’ ಎಂದರೆ ಯಾರಿಗಾದರೂ ನಂಬಿಕೆ ಬಂದೀತು. ಆದರೆ ಅಂಥ ಮುಳ್ಳಿದ್ದೂ ನೋವೇ ಇಲ್ಲದವರು ಬಹಳ ಮಂದಿ ಇದ್ದಾರೆ, ಮುಳ್ಳಿಲ್ಲದೆ ನರಳುವವರೂ ಇದ್ದಾರೆ. ಹೊತ್ತ ಭಾರಕ್ಕೂ, ಆ ನಾರಿಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಸಿಕ್ಕ ಬಿಡುವಿಗೂ ಲೆಕ್ಕ ತಾಳೆಯಾಗದಾಗ ಈ ನೋವು ಹುಟ್ಟುತ್ತದೆ. ಸ್ನಾಯು ಬೇಗ ಬಲಗೊಳ್ಳುತ್ತದೆ, ಇಂಥ ನಾರು ಬಹಳ ನಿಧಾನ. ಉಸಿರು, ತೊಡೆ, ಮನಸ್ಸು ಎಲ್ಲವೂ ಸಿದ್ಧವೆಂದು ಹೇಳುವಾಗ ಹಿಮ್ಮಡಿ ಇನ್ನೂ ಸಿದ್ಧವಾಗಿರುವುದಿಲ್ಲ.

ನಮ್ಮ ಮನೆಗಳ ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಮನೆಯೊಳಗೆ ಬರಿಗಾಲು ನಮ್ಮ ಪದ್ಧತಿ. ಅಡುಗೆಮನೆಯಲ್ಲಿ, ಅದರಲ್ಲೂ ದೇವರಮನೆಗೆ ಅಂಟಿಕೊಂಡಿರುವ ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟುವುದು ಎಂದರೆ ಮನೆಯ ಹಿರಿಯರಿಗೆ ಎದೆ ಧಸಕ್ಕೆನ್ನುತ್ತದೆ. ಹಳೆಯ ಮನೆಗಳಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು. ಈಗಿರುವುದು ಗ್ರಾನೈಟು, ವಿಟ್ರಿಫೈಡ್ ಟೈಲ್ಸು. ಅದರ ಮೇಲೆ ಬರಿಗಾಲಲ್ಲಿ ಒಂದೂವರೆ ತಾಸು ನಿಂತು ದೋಸೆ ಹುಯ್ದು, ಡಬ್ಬಿ ಕಟ್ಟಿ, ಆಮೇಲೆ ಪಂಪನನ್ನು ಓದಲು ಹೊರಡುವ ಹೆಂಗಸಿನ ಹಿಮ್ಮಡಿಗೆ ಓಟಕ್ಕೆ ಮೊದಲೇ ಸಾಕಷ್ಟು ಕೆಲಸವಾಗಿರುತ್ತದೆ. ಮೆತ್ತನೆಯ ರಬ್ಬರಿನ ಒಂದು ಜೊತೆ ಚಪ್ಪಲಿಯನ್ನು ಮನೆಯೊಳಗಿಗೆಂದೇ ತಂದಿಟ್ಟುಕೊಳ್ಳಿ ಎಂದರು ಫಿಸಿಯೋಥೆರಪಿಸ್ಟ್. ಅತ್ತೆಯವರು ಎರಡು ದಿನ ಸುಮ್ಮನೆ ನೋಡಿದರು, ಮೂರನೆಯ ದಿನ ತಮಗೂ ಒಂದು ಜೊತೆ ಬೇಕೆಂದರು. ಅವರಿಗೂ ಹಿಮ್ಮಡಿ ನೋಯುತ್ತಿತ್ತಂತೆ, ಎಷ್ಟೋ ವರ್ಷದಿಂದ. ಹೇಳಿರಲಿಲ್ಲ. ಈ ಕಾಯಿಲೆಯ ವಿಚಾರದಲ್ಲಿ ನನ್ನನ್ನು ಅತಿಯಾಗಿ ಕಲಕಿದ್ದು ಆ ಮಾತು. ಓಡುವುದು ಒಂದು ಹವ್ಯಾಸವಾದ್ದರಿಂದ ನನ್ನ ನೋವಿಗೆ ಹೆಸರು ಸಿಕ್ಕಿತು, ವೈದ್ಯರು ಸಿಕ್ಕರು. ದುಡಿಮೆಯಿಂದ ಬಂದ ಅವರ ನೋವಿಗೆ ಏನೂ ಸಿಕ್ಕಿರಲಿಲ್ಲ.

ತರಗತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ತಂಡದಲ್ಲಿ ಖೋಖೋ ಆಡುವ ಹುಡುಗಿಯೊಬ್ಬಳಿದ್ದಾಳೆ. ನನ್ನ ಹಿಮ್ಮಡಿ ಹಿಡಿದ ಕಾಲಕ್ಕೇ ಅವಳ ಹರಡು ಉಳುಕಿತು. ಇಬ್ಬರೂ ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಕೂರತೊಡಗಿದೆವು. ಪಾಠ ಮುಗಿದು ಗದ್ದಲವೆಲ್ಲ ಕರಗಿದ ಮೇಲೆ ಒಟ್ಟಿಗೆ ಏಳುತ್ತಿದ್ದೆವು, ಮೆಟ್ಟಿಲಿನ ಕಂಬಿ ಹಿಡಿದು ಒಟ್ಟಿಗೆ ಇಳಿಯುತ್ತಿದ್ದೆವು. ಕಾರಿಡಾರಿನಲ್ಲಿ ಎದುರಾದವರೆಲ್ಲ ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಮತ್ತೆ ಯಾವಾಗ ಆಡ್ತೀಯ?’ ನನ್ನನ್ನು ಕೇಳುತ್ತಿದ್ದದ್ದೂ ಒಂದೇ: ‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?’

ಅಕ್ಕರೆಯಿಂದಲೇ ಕೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಮನೆಗೆ ಬಂದ ನೆಂಟರು, ಹಳೆಯ ಸಹೋದ್ಯೋಗಿಗಳು, ತರಕಾರಿ ಅಂಗಡಿಯವರು, ಎಲ್ಲರೂ ಕೇಳುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದರೆ ಪ್ರಶ್ನೆ ಓಟವನ್ನು ಬಿಟ್ಟು ಓದಿಗೆ ಬರುತ್ತದೆ. ಕೆಲಸ ಬಿಟ್ಟು ಎಂ.ಎ. ಬೇಕಿತ್ತಾ? ಮಗಳು ಓದುವ ವಯಸ್ಸಿನಲ್ಲಿ ತಾಯಿ ಓದಬೇಕಿತ್ತಾ? ಕಾಲು ನೋವನ್ನು ಒಂದು ತೀರ್ಪಿನಂತೆ ಎತ್ತಿ ತೋರಿಸುತ್ತಾರೆ. ‘ಮೈಯೇ ಹೇಳುತ್ತಿದೆಯಲ್ಲ, ಇನ್ನು ಸಾಕು ಅಂತ’ ಎನ್ನುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಅದೇ ಪಾದ, ಅದೇ ಮೆಟ್ಟಿಲು, ಇಬ್ಬರ ಗಾಯವೂ ಮಾಯುವಂಥದ್ದೇ. ಇಪ್ಪತ್ತೆರಡರ ಹುಡುಗಿಯ ಗಾಯ ಒಂದು ಅಡಚಣೆ ಎನಿಸಿಕೊಂಡರೆ ನಲವತ್ತೆಂಟರ ಹೆಂಗಸಿನದು ಎಚ್ಚರಿಕೆಯ ಗಂಟೆ ಎನಿಸಿಕೊಳ್ಳುತ್ತದೆ. ವೈದ್ಯಶಾಸ್ತ್ರ ಹೀಗೆ ಹೇಳುವುದಿಲ್ಲ. ಹಿಮ್ಮಡಿ ನೋವಿನವರಲ್ಲಿ ಬಹುಪಾಲು ಮಂದಿ, ಹತ್ತರಲ್ಲಿ ಎಂಟು ಒಂಬತ್ತು ಜನ, ಚಾಕು ಕತ್ತರಿಯ ಹಂಗಿಲ್ಲದೆ ಒಂದು ವರ್ಷದೊಳಗೆ ಸುಧಾರಿಸುತ್ತಾರೆ ಎಂದು ವೈದ್ಯರು ಹೇಳುತ್ತಾ ಬಂದಿದ್ದಾರೆ. ವಯಸ್ಸಾದಂತೆ ಮಾಯುವುದು ಕೊಂಚ ತಡವಾಗಬಹುದು. ತಡವಾಗುವುದೇ ಬೇರೆ, ಆಗದೇ ಇರುವುದೇ ಬೇರೆ.

ಮೈ ತಾಳದು ಎಂಬ ವಾದಕ್ಕೆ ಹಳೆಯ ಚರಿತ್ರೆಯಿದೆ, ಅದನ್ನು ಹೆಣ್ಣುಮಕ್ಕಳ ಮೇಲೆ ಧಾರಾಳವಾಗಿ ಬಳಸಲಾಗಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 800 ಮೀಟರ್ ಓಟವಿತ್ತು. ಓಟಗಾರ್ತಿಯರು ಬಸವಳಿದರು ಎಂಬ ಕಾರಣ ಮುಂದಿಟ್ಟು ಅದನ್ನು ಕೈಬಿಟ್ಟರು, ಮತ್ತೆ ಸೇರಿಸಿದ್ದು 1960ರಲ್ಲಿ, ರೋಮ್‌ನಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬರಲು 1984ರವರೆಗೆ ಕಾಯಬೇಕಾಯಿತು. ಲಾಸ್ ಏಂಜಲೀಸ್‌ನ ಆ ಮೊದಲ ಮ್ಯಾರಥಾನ್ ಗೆದ್ದವರು ಅಮೆರಿಕದ ಜೋನ್ ಬೆನಾಯ್ಟ್. ಅವರ ದೇಶದ ಆಯ್ಕೆ ಓಟಕ್ಕೆ 17 ದಿನ ಮೊದಲು ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ನಾನು ಜೋನ್ ಬೆನಾಯ್ಟ್ ಅಲ್ಲ, ಹಾಗಾಗಬೇಕೆಂಬ ಹಂಬಲವೂ ಇಲ್ಲ. ಆದರೆ ಆಗ ಯಾರಾದರೂ ಅವರನ್ನು ‘ಬೇಕಿತ್ತಾ’ ಎಂದು ಕೇಳಿ, ಅವರು ಅದನ್ನು ನಂಬಿಬಿಟ್ಟಿದ್ದರೆ ನಷ್ಟ ಅವರೊಬ್ಬರಿಗೇ ಆಗುತ್ತಿರಲಿಲ್ಲ.

ಪತ್ರಿಕೆಗಳು, ಟಿವಿ ವಾಹಿನಿಗಳು ವಯಸ್ಸಾದವರ ಸಾಧನೆಯನ್ನು ಮೆಚ್ಚುವುದಿಲ್ಲವೇ ಎಂದು ನೀವು ಕೇಳಬಹುದು. ಮೆಚ್ಚುತ್ತವೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದಾಗ ದೇಶವೇ ಕೈ ಮುಗಿಯಿತು. ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ 2011ರಲ್ಲಿ ನೂರರ ವಯಸ್ಸಿನಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದರೆಂದು ಜಗತ್ತೆಲ್ಲ ಸುದ್ದಿಯಾಯಿತು. ಇವರಿಬ್ಬರ ಮೇಲೂ ನನಗೆ ಅಪಾರ ಪ್ರೀತಿಯಿದೆ. ಆದರೆ ತೊಂಬತ್ತಾರರ ಅಜ್ಜಿಯನ್ನು ಪವಾಡವೆಂದು ಹೊಗಳುವ ಬಾಯಿಯೇ ನಲವತ್ತೆಂಟರವಳನ್ನು ಗದರಿಸುತ್ತದೆ. ಇಪ್ಪತ್ತರಲ್ಲಿ ಓದುವುದು ಸಹಜ, ತೊಂಬತ್ತರಲ್ಲಿ ಓದುವುದು ಪವಾಡ. ನಡುವೆ ಇರುವ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಓದುವವರಿಗೆ, ಓಡುವವರಿಗೆ ನಮ್ಮ ಸಮಾಜದಲ್ಲಿ ಇನ್ನೂ ಒಂದು ಸಾಧಾರಣ ಜಾಗ ಸಿಕ್ಕಿಲ್ಲ. ನಮಗೆ ಸನ್ಮಾನ ಬೇಡ, ಬೆಂಚು ಸಾಕು.

ಇನ್ನು ಮದ್ದಿನ ಮಾತು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹರಡಿ ಹಿಮ್ಮಡಿ ಊರಬೇಕೆಂದು ಹೇಳದ ಮನೆ ನಮ್ಮ ಕಡೆ ಅಪರೂಪ. ಬಿಸಿ ತಾಕಿದಾಗ ಹಾಯೆನಿಸುವುದು ನಿಜ. ಎಕ್ಕದ ಹಾಲು ಕಣ್ಣಿಗೆ ತಾಕಿದರೆ ಅಪಾಯ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟಿದ್ದೂ ತಿಳಿಯದು. ಅಂಥವರು ಆ ಸಹವಾಸಕ್ಕೇ ಹೋಗಬಾರದು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸುತ್ತದೆ, ಆದರೆ ಆ ನಾರಿನ ಪಟ್ಟಿ ಹರಿಯುವ ಅಪಾಯವನ್ನೂ ಜೊತೆಗೆ ತರುತ್ತದೆ. ಅವಸರಕ್ಕೆ ಬಿದ್ದು ಮೊದಲ ಭೇಟಿಯಲ್ಲೇ ಅದನ್ನು ಕೇಳಿ ಹಾಕಿಸಿಕೊಳ್ಳುವುದು ತರವಲ್ಲ.

ನನಗೆ ಒಗ್ಗಿದ್ದು ಒಂದು ವ್ಯಾಯಾಮ, ಅದನ್ನು ವಿವರವಾಗಿಯೇ ಹೇಳುತ್ತೇನೆ. ಡೆನ್ಮಾರ್ಕಿನ ಮೈಕೆಲ್ ರಾಥ್‌ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದು. ಟವೆಲೊಂದನ್ನು ಸುರುಳಿ ಸುತ್ತಿ ಬೆರಳುಗಳ ಕೆಳಗೆ ಇಟ್ಟು, ಮೆಟ್ಟಿಲಿನ ಅಂಚಿನಲ್ಲಿ ನೋಯುವ ಕಾಲಿನ ಮೇಲೆ ನಿಲ್ಲಬೇಕು. ಮೂರು ಸೆಕೆಂಡು ತೆಗೆದುಕೊಂಡು ಹಿಮ್ಮಡಿ ಎತ್ತುವುದು, ಮೇಲೆ ಎರಡು ಸೆಕೆಂಡು ತಡೆಯುವುದು, ಮೂರು ಸೆಕೆಂಡಿನಲ್ಲಿ ಇಳಿಸುವುದು. ಟವೆಲು ಬೆರಳನ್ನು ಮೇಲಕ್ಕೆ ಬಾಗಿಸುವುದರಿಂದ ಹಿಕ್ಸ್ ಹೇಳಿದ ಆ ಬಿಗಿತ ಉಂಟಾಗಿ, ಭಾರ ನೇರ ಆ ನಾರಿಗೇ ತಲುಪುತ್ತದೆ. ದಿನ ಬಿಟ್ಟು ದಿನ ಮಾಡಬೇಕು, ಪ್ರತಿದಿನವಲ್ಲ. ಕಾಲು ಬಲಿತಂತೆ ಭಾರ ಏರಿಸಬೇಕು. ಹೇಗೆ ಏರಿಸುವುದು? ಬೆನ್ನಿಗೆ ಚೀಲ ಹಾಕಿ, ಅದರೊಳಗೆ ಪುಸ್ತಕ ತುಂಬಿ. ಆ ಸಂಶೋಧಕರು ತಮ್ಮ ರೋಗಿಗಳಿಗೆ ಹೇಳಿದ್ದೇ ಅದು. ಮೂರು ತಿಂಗಳ ಹೊತ್ತಿಗೆ ಬರೀ ಪಾದ ಎಳೆದು ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಇವರು ಚೆನ್ನಾಗಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸುಧಾರಿಸಿ ಸರಿಸಮವಾಗಿದ್ದವು. ಮೂರು ತಿಂಗಳೆಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರಿನ ಪಾಠದ ಅವಧಿ. ವಿದ್ಯಾರ್ಥಿಗೆ ಅದು ಸಣ್ಣ ಲಾಭವಲ್ಲ.

ನನ್ನ ಚೀಲದಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ಇದೆ. ಮೊದಲು ಒಂದು ಸಂಪುಟ, ಆಮೇಲೆ ಎರಡು, ಈಗ ಮೂರೂ. ಮೂರನೆಯದನ್ನು ಸೇರಿಸಿದ ದಿನ ನನಗಾದ ಸಂತೋಷವನ್ನು ಅಂಕಪಟ್ಟಿ ಕೊಟ್ಟಿಲ್ಲ. ಹಿಮ್ಮಡಿ ಏರಿಸಿ ಇಳಿಸುವಾಗ ಬಾಯಿಪಾಠಕ್ಕೆಂದು ಗುರುತು ಹಾಕಿಕೊಂಡ ಕಂದಪದ್ಯ ಹೇಳಿಕೊಳ್ಳುತ್ತೇನೆ. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ಪ್ರಸ್ತಾರ ಹಾಕುವಾಗ ಕೈ ತಪ್ಪಿದರೂ ಹೀಗೆ ಮೈಗೆ ಹಿಡಿದ ಲಯ ತಪ್ಪುವುದಿಲ್ಲ.

ದಿನ ಬಿಟ್ಟು ದಿನ ಎಂಬ ಈ ಕಟ್ಟುಪಾಡೇ ಓದಿಗೂ ಬಂತು. ಚಿಕ್ಕವಯಸ್ಸಿನವರು ಪರೀಕ್ಷೆಯ ಹಿಂದಿನ ರಾತ್ರಿ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಗಟ್ಟಿಮಾಡಿ ಬೆಳಿಗ್ಗೆ ಬರೆದು ಬರುತ್ತಾರೆ. ನನ್ನಿಂದ ಅದು ಆಗದು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ಬರೆದಿಟ್ಟ ಲೆಕ್ಕವೊಂದಿದೆ. ಅರ್ಥವಿಲ್ಲದ ಅಕ್ಷರಗಳ ಸಾಲನ್ನು ಒಂದೇ ದಿನ 68 ಸಲ ಓದಿ ಪಡೆದ ಫಲವನ್ನು ಮೂರು ದಿನಕ್ಕೆ ಹಂಚಿ 38 ಸಲ ಓದಿಯೇ ಪಡೆಯಬಹುದಿತ್ತು. ಬಿಡುವು ಕೊಟ್ಟು ಓದಿದರೆ ಕಡಿಮೆ ಓದಿನಲ್ಲೇ ಹೆಚ್ಚು ಉಳಿಯುತ್ತದೆ. ನಾರಿಗೆ ಬಿಡುವಿನ ದಿನ ಹೇಗೆ ರಿಪೇರಿಯ ದಿನವೋ ನೆನಪಿಗೂ ಹಾಗೆಯೇ. ನಡುವಯಸ್ಸಿನವರಿಗೆ ಇದೊಂದು ಒಳ್ಳೆಯ ಸುದ್ದಿ, ಏಕೆಂದರೆ ಒಂದೇ ಪಟ್ಟಿಗೆ ಹತ್ತು ತಾಸು ಓದುವ ಭಾಗ್ಯ ನಮಗೆ ಹೇಗೂ ಇಲ್ಲ. ಗ್ಯಾಸ್ ಸಿಲಿಂಡರಿನವರು ಬರುತ್ತಾರೆ, ಮಾವನವರ ಬಿ.ಪಿ. ಮಾತ್ರೆ ಮುಗಿದಿರುತ್ತದೆ, ಮಗಳ ಫೋನು. ಆ ತುಂಡುತುಂಡು ಹೊತ್ತನ್ನೇ ಸರಿಯಾಗಿ ಹಂಚಿಕೊಂಡರೆ ಅದು ಬಲವಾಗುತ್ತದೆ. ಇನ್ನೊಂದನ್ನೂ ಹೇಳಬೇಕು. ಚುರುಕುತನ ಹರೆಯದಲ್ಲಿ ಹೆಚ್ಚು, ನಿಜ. ಆದರೆ ಪದಸಂಪತ್ತು ನಡುವಯಸ್ಸು ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಮನಃಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಳಗನ್ನಡ ಓದುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕೇ?

ಓಟವಿಲ್ಲದ ಬೆಳಗುಗಳು ಕಷ್ಟದವು, ಅದನ್ನು ಮುಚ್ಚಿಡುವುದಿಲ್ಲ. ಓಡಿ ಬಂದ ದಿನ ತಲೆ ತೊಳೆದಿಟ್ಟಂತೆ ಇರುತ್ತಿತ್ತು, ಎಂಟು ಗಂಟೆಗೆ ಪುಸ್ತಕ ಹಿಡಿದರೆ ಹತ್ತರವರೆಗೆ ಅಲ್ಲಾಡುತ್ತಿರಲಿಲ್ಲ. ಓಟ ನಿಂತ ಮೇಲೆ ನಿದ್ದೆ ಕೆಟ್ಟಿತು, ಮನೆಯವರ ಮೇಲೆ ದನಿ ಏರಿತು, ಓದಿದ ಪುಟವನ್ನೇ ಮತ್ತೆ ಓದುವಂತಾಯಿತು. ಓಟಗಾರರಿಗೆ ಗಾಯವಾದಾಗ ಅವರು ಕಳೆದುಕೊಳ್ಳುವುದು ಬರೀ ವ್ಯಾಯಾಮವನ್ನಲ್ಲ. ದಿನಕ್ಕೆ ಬೆನ್ನೆಲುಬಾಗಿದ್ದ ಒಂದು ಹೊತ್ತನ್ನೇ ಕಳೆದುಕೊಳ್ಳುತ್ತಾರೆ. ಆ ಹೊತ್ತನ್ನು ಬರಿದು ಬಿಡಬಾರದು ಎಂಬುದು ನನ್ನ ಅನುಭವ. ಅದೇ ಸಮಯಕ್ಕೆ ಎದ್ದು ಮಗಳ ಹಳೆಯ ಸೈಕಲ್ಲು ತುಳಿದೆ. ಹಿಮ್ಮಡಿಗೆ ಏಟು ಬೀಳದೆ ಎದೆಬಡಿತ ಏರುವುದಕ್ಕೆ ಸೈಕಲ್ಲು, ಈಜು ಇವೆರಡೇ ಸುಲಭದ ದಾರಿ. ನೋವು ತಗ್ಗಿದ ಮೇಲೆ ಕೆರೆಯ ಸುತ್ತ ನಡೆಯತೊಡಗಿದೆ.

ಆ ನಡಿಗೆಯ ದಿನಗಳಲ್ಲೇ ರನ್ನನ ‘ಗದಾಯುದ್ಧ’ ಪಠ್ಯವಾಗಿ ಬಂತು. ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ತಡವರಿಸುತ್ತಾ ನಡೆಯುವ ದುರ್ಯೋಧನನನ್ನು ನಾನು ಪಿ.ಯು.ಸಿ.ಯಲ್ಲೂ ಓದಿದ್ದೆ. ಆಗ ಕಂಡಿದ್ದು ಛಲ, ಮೇಷ್ಟ್ರು ಹೇಳಿಕೊಟ್ಟಿದ್ದೂ ಅದನ್ನೇ. ಈಗ ಕಂಡಿದ್ದು ನಡಿಗೆ. ದ್ರೋಣನ ಬಳಿ ನಿಂತು, ದುಶ್ಶಾಸನನ ಬಳಿ ನಿಂತು, ಕರ್ಣನ ಬಳಿ ನಿಂತು, ಪ್ರತಿ ನಿಲುಗಡೆಯಲ್ಲೂ ಅವನಿಗೆ ಹೊಸದೊಂದು ಭಾರ ಸೇರುತ್ತದೆ. ರಥದಲ್ಲಿ ಓಡಾಡಿದವನನ್ನು ಕವಿ ಇಲ್ಲಿ ಕಾಲ್ನಡಿಗೆಗೆ ಇಳಿಸಿದ್ದಾನೆ. ಅವನ ಕಥೆಯಾದರೋ ಮುಗಿಯುವುದು ತೊಡೆಯ ಮೇಲೆ ಬೀಳುವ ಏಟಿನಲ್ಲಿ. ತರಗತಿಯಲ್ಲಿ ಇದನ್ನು ಹೇಳಿದಾಗ ಅಧ್ಯಾಪಕರು ಪಾಠ ನಿಲ್ಲಿಸಿ, ಆ ಭಾಗದ ಪದ್ಯಗಳನ್ನು ನಿಧಾನವಾಗಿ ಮತ್ತೊಮ್ಮೆ ಓದಿದರು. ಖೋಖೋ ಹುಡುಗಿ ನನ್ನ ಕಡೆ ನೋಡಿ ತಲೆಯಾಡಿಸಿದಳು. ತಡವಾಗಿ ಓದುವುದರಿಂದ ಸಿಗುವುದು ಇಂಥವೇ, ಅವು ಇಪ್ಪತ್ತರಲ್ಲಿ ನನಗೆ ಸಿಗುತ್ತಿರಲಿಲ್ಲ.

ಕಾಲೇಜುಗಳನ್ನು ನಡೆಸುವವರಲ್ಲಿ ಒಂದೆರಡು ವಿನಂತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ದೀರ್ಘಕಾಲದ ನ್ಯೂನತೆ ಇರುವವರ ರಕ್ಷಣೆಗಾಗಿ ಬಂದದ್ದು, ಅದು ಪೂರ್ತಿಯಾಗಿ ಜಾರಿಯಾಗಲೇಬೇಕು. ಕೆಲವು ತಿಂಗಳ ಮಟ್ಟಿಗೆ ಕುಂಟುವ ವಿದ್ಯಾರ್ಥಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ಇಲ್ಲ. ಆದರೆ ಮೂರನೇ ಮಹಡಿಯಲ್ಲಿ ಪರೀಕ್ಷೆ ಬಿದ್ದಾಗ ನೆಲಮಹಡಿಯ ಒಂದು ಕೊಠಡಿಯಲ್ಲಿ ಕೂರಿಸಲು ಕಾಯ್ದೆ ಬೇಕಿಲ್ಲ, ಮನಸ್ಸು ಸಾಕು. ಶೇ 75ರ ಹಾಜರಾತಿ ಬಹುತೇಕ ಕಡೆ ಇದೆ, ಇರಲಿ. ಫಿಸಿಯೋಥೆರಪಿಗೆ ಹೋದ ಮಧ್ಯಾಹ್ನಗಳಿಗೆ ವೈದ್ಯರ ಚೀಟಿ ತಂದರೆ ಪ್ರಾಯದ ಕ್ರೀಡಾಪಟುವಿಗೆ ಸಿಗುವ ರಿಯಾಯಿತಿ ವಯಸ್ಸಾದ ವಿದ್ಯಾರ್ಥಿಗೂ ಸಿಗಬೇಕು. ಎರಡು ತಾಸಿನ ತರಗತಿಯ ನಡುವೆ ಎರಡು ನಿಮಿಷ ಎದ್ದು ನಿಲ್ಲಲು ಬಿಟ್ಟರೆ ಎಲ್ಲ ವಯಸ್ಸಿನವರಿಗೂ ಒಳ್ಳೆಯದು.

ನಾನೀಗ ಮತ್ತೆ ಓಡುತ್ತಿದ್ದೇನೆ, ಒಂದಿಷ್ಟು ನಡಿಗೆ, ಒಂದಿಷ್ಟು ಓಟ. ಮಾರನೆಯ ಬೆಳಗಿನ ಮೊದಲ ಹೆಜ್ಜೆ ನಿನ್ನೆಗಿಂತ ಹೆಚ್ಚು ನೋಯದಿದ್ದರೆ ಅಷ್ಟೇ ದೂರ ಮತ್ತೊಮ್ಮೆ, ನೋವಾದರೆ ಒಂದು ದಿನ ಹಿಂದೆ. ಹಿಮ್ಮಡಿ ನೋವು ಇರುವ ಓದುಗರೇ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಊತವಿದ್ದರೆ, ಜೋಮು ಹಿಡಿದರೆ, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅದುಮಿದಾಗ ಪ್ರಾಣ ಹೋದಂತಾದರೆ ಅದು ಮೂಳೆಯ ಬಿರುಕೂ ಇರಬಹುದು. ತಡಮಾಡದೆ ವೈದ್ಯರನ್ನು ಕಾಣಿ. ಉಳಿದವರು ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಳ್ಳಿ, ಒಂದು ಟವೆಲು ಸುತ್ತಿಕೊಳ್ಳಿ. ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಹಿಮ್ಮಡಿ ನೋಯುತ್ತದೆಯೇ ಎಂದು ಈವತ್ತೇ ಕೇಳಿ.

ಮತ್ತು ಓದಬೇಕೆಂಬ ಆಸೆಯನ್ನು ಒಳಗೇ ಇಟ್ಟುಕೊಂಡಿರುವ ನಲವತ್ತು, ಐವತ್ತು, ಅರುವತ್ತರವರಿಗೆ ಒಂದು ಮಾತು. ಮೈಸೂರಿನಲ್ಲಿ ಕನ್ನಡ ಎಂ.ಎ. 1927ರಿಂದ ನಡೆಯುತ್ತಿದೆ. ಊರು ಬಿಟ್ಟು ಬರಲಾಗದವರಿಗೆ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇದೆ, ಅಲ್ಲಿ ಗರಿಷ್ಠ ವಯೋಮಿತಿಯಿಲ್ಲ. ಪ್ರವೇಶದ ಪ್ರಕಟಣೆ ಬಂದಾಗ ಕಾಲು ನೋವು, ಸೊಂಟ ನೋವು, ನೆಂಟರ ಮಾತು ಯಾವುದನ್ನೂ ನೆಪ ಮಾಡಿಕೊಳ್ಳದೆ ಅರ್ಜಿ ಹಾಕಿ.